ಪಿಕಪ್ ಎತ್ತರಿಸುವ ಮುನ್ನ ಟೇಪು ಹಿಡಿಯಿರಿ

ತುರ್ವಿಹಾಳದ ಹತ್ತಿರ ನಮ್ಮದು ಆರು ಎಕರೆ. ನಾಲ್ಕು ಎಕರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಉಣ್ಣುವ ಎರಿ ನೆಲ, ಅಲ್ಲಿ ನೆಲ್ಲು. ಉಳಿದ ಎರಡು ಎಕರೆ ಮಸಾರಿ. ಮಳೆ ಬಂದರೆ ಸಜ್ಜೆ, ತೊಗರಿ. ಡಾಂಬರು ರಸ್ತೆಯಿಂದ ನೆಲ್ಲಿನ ಹೊಲಕ್ಕೆ ಒಂದೂವರೆ ಕಿಲೋಮೀಟರ್ ಬಂಡಿ ದಾರಿ. ಟ್ರ್ಯಾಕ್ಟರ್ ಓಡಾಡಿ ಎರಡೂ ಬದಿ ಗಾಲಿ ಜಾಡು ಆಳವಾಗಿ, ನಡುವೆ ದಿಬ್ಬ ಎದ್ದಿದೆ. ಇಂಥ ದಾರಿ ನಮ್ಮ ಕಡೆ ಯಾರಿಗೂ ಹೊಸದಲ್ಲ.

2021ರಲ್ಲಿ ಸಾಲ ಮಾಡಿ ಒಂದು ಹಳೆಯ ಪಿಕಪ್ ತಗೊಂಡೆ. ನಮ್ಮ ನೆಲ್ಲು, ಗೊಬ್ಬರ ಸಾಗಿಸೋದು, ಬಿಡುವಿದ್ದಾಗ ಅಕ್ಕಪಕ್ಕದವರ ಮಾಲು ಸಿಂಧನೂರಿಗೆ ಹೊಡೆಯೋದು ಲೆಕ್ಕಾಚಾರ. ಗಾಡಿ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಬಂಡಿ ದಾರಿಗೆ ಇಳಿದರೆ ಮಾತ್ರ ಹಿಂದಿನ ಹೌಸಿಂಗಿನ ಗುಂಡು ನಡುವಿನ ದಿಬ್ಬಕ್ಕೆ ಉಜ್ಜುತ್ತಿತ್ತು. ಒಮ್ಮೆ ಎಣ್ಣೆಯ ಬಿರಡೆಯೇ ಕಿತ್ತು ಬಂತು.

ಒಂದು ಗ್ಯಾರೇಜಿಗೆ ಹೋದೆ. "ಸಾವ್ಕಾರ್ರ, ಮೂರಿಂಚು ಬ್ಲಾಕ್ ಕೊಟ್ಟು ಎರಡು ಪಟ್ಟಿ ಏರಿಸಿಬಿಡ್ತೀನಿ. ಆನೆ ಆಗ್ತೈತಿ ನೋಡ್ರಿ ಗಾಡಿ" ಅಂದರು. ಏರಿಸಿಯೇಬಿಟ್ಟರು. ಹಿಂದಿನಿಂದ ನೋಡಿದರೆ ನಿಜಕ್ಕೂ ಆನೆಯಂತೆಯೇ ಕಾಣುತ್ತಿತ್ತು. ನನಗೂ ಖುಷಿ.

2022ರ ಡಿಸೆಂಬರಿನ ರಾಶಿ ಹೊತ್ತಿಗೆ ಆ ಖುಷಿ ಇಳಿಯಿತು. 34 ಚೀಲ ಹೇರಿಕೊಂಡು ಕಾಲುವೆ ದಂಡೆ ಮೇಲೆ ಬರುತ್ತಿದ್ದೆ. ಎದುರಿಗೆ ಟ್ರ್ಯಾಕ್ಟರ್ ಬಂತು. ದಾರಿ ಕೊಡಲೆಂದು ಬದಿಗೆ ಸರಿದೆ. ಎಡಗಡೆಯ ಗಾಲಿ ಮೆತ್ತನೆಯ ಅಂಚಿಗೆ ಇಳಿಯಿತು. ಮೇಲೆ ಕುಂತ ಹಮಾಲರಲ್ಲಿ ಒಬ್ಬ "ಅಣ್ಣಾ, ಗಾಡಿ ವಾಲಾಕತ್ತೈತಿ!" ಅಂತ ಕೂಗಿದ. ಇಬ್ಬರೂ ಜಿಗಿದರು. ಒಬ್ಬನ ಕಾಲು ಉಳುಕಿತು, ಎರಡು ವಾರ ದುಡಿಮೆ ತಪ್ಪಿತು. ಗಾಡಿ ಒಂದು ಜಾಲಿ ಮರಕ್ಕೆ ಆನಿಕೊಂಡು ನಿಂತಿತು. ಆ ಮರ ಇರದಿದ್ದರೆ ನೆಲ್ಲು, ಗಾಡಿ, ನಾನು ಎಲ್ಲ ಕಾಲುವೆಯಲ್ಲಿ. ಚೀಲದ ಮೇಲೆ ಜನ ಕೂರಿಸಿದ್ದು, ಮಿತಿ ಮೀರಿ ಹೇರಿದ್ದು ಎರಡೂ ನನ್ನದೇ ತಪ್ಪು. ಅದನ್ನು ಮುಚ್ಚಿಟ್ಟು ಈ ಲೇಖನ ಬರೆಯಲಾಗದು.

ಇಷ್ಟೆಲ್ಲ ಆದರೂ ಮರುದಿನ ಖಾಲಿ ಗಾಡಿ ಹೊಲಕ್ಕೆ ಹೋದಾಗ ಗುಂಡು ಮೊದಲಿನಂತೆಯೇ ದಿಬ್ಬಕ್ಕೆ ಉಜ್ಜಿತು. ಮೂರಿಂಚು ಎಲ್ಲಿಗೆ ಹೋಯಿತು?

ಮೂರು ರೋಗ, ಮೂರು ಮದ್ದು

ಈ ಪ್ರಶ್ನೆ ಹಿಡಿದು ಸಿಂಧನೂರಿನಲ್ಲಿ ಪಟ್ಟಿ ಕೆಲಸವನ್ನೇ ಮಾಡಿಕೊಂಡು ಬಂದ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಗಾಡಿ ನೋಡುವ ಮೊದಲೇ ಕೇಳಿದರು: "ತಮ್ಮಾ, ನಿನಗ ಬೇಕಾಗಿದ್ದು ಎತ್ತರನೋ, ತಾಕತ್ತೋ, ಹಿಡಿತನೋ? ಮೂರಕ್ಕೂ ಮದ್ದು ಬ್ಯಾರೆ ಬ್ಯಾರೆ."

ನಾನು ಮೂರನ್ನೂ ಒಂದೇ ಅಂದುಕೊಂಡಿದ್ದೆ. ನಮ್ಮಲ್ಲಿ ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಆದ್ದರಿಂದ ಒಂದೊಂದಾಗಿ ಬಿಡಿಸಿ ಹೇಳುತ್ತೇನೆ.

ಮೊದಲು ಎತ್ತರ. ಕಮಾನು ಪಟ್ಟಿ ಇರುವುದು ಆಕ್ಸಲ್ ಮತ್ತು ಚಾಸಿಯ ನಡುವೆ. ಪಟ್ಟಿ ಹೆಚ್ಚಿಸಿ, ಬ್ಲಾಕ್ ಕೊಡಿ, ಮೇಲೆ ಹೋಗುವುದು ಚಾಸಿ, ತೊಟ್ಟಿ, ಕ್ಯಾಬಿನ್. ಆಕ್ಸಲ್ ಗಾಲಿಗೆ ಕಟ್ಟಿಹಾಕಿದ್ದು, ಅದು ಇದ್ದಲ್ಲೇ ಇರುತ್ತದೆ. ಗುಂಡು ಆಕ್ಸಲ್‌ನದೇ ಭಾಗ. ನನ್ನ ಗಾಡಿಯಲ್ಲಿ ಗುಂಡಿನ ಕೆಳಗೆ ಏಳಿಂಚು ಚಿಲ್ಲರೆ ಜಾಗ. ಬ್ಲಾಕ್ ಹಾಕುವ ಮೊದಲೂ ಅಷ್ಟೇ, ಹಾಕಿದ ಮೇಲೂ ಅಷ್ಟೇ. ಟೇಪು ಹಿಡಿದಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಗುಂಡು ಮೇಲೇಳಬೇಕಾದರೆ ಟೈರೇ ದೊಡ್ಡದಾಗಬೇಕು. ಅದರ ಲೆಕ್ಕವನ್ನೂ ನೋಡಿ. 215/75 ಆರ್ 15 ಟೈರಿನ ಎತ್ತರ ಸುಮಾರು 703 ಮಿ.ಮೀ. ಅದೇ ರಿಮ್ಮಿಗೆ 235/75 ಆರ್ 15 ಹಾಕಿದರೆ ಸುಮಾರು 733. ವ್ಯತ್ಯಾಸ 30 ಮಿ.ಮೀ. ಆದರೆ ಆಕ್ಸಲ್ ಏರುವುದು ಅದರ ಅರ್ಧ, 15 ಮಿ.ಮೀ. ಮಾತ್ರ. ಅಷ್ಟಕ್ಕಾಗಿ ಎಂಜಿನ್ನಿಗೆ ಎಳೆತ ಹೆಚ್ಚು. ಮೀಟರಿನಲ್ಲಿ 60 ಕಂಡಾಗ ಗಾಡಿ 62ಕ್ಕೂ ಮಿಗಿಲಾಗಿ ಓಡುತ್ತಿರುತ್ತದೆ. ಮುಂದಿನ ಗಾಲಿ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ತಾಗುವುದೂ ಉಂಟು. ಟೈರಿನ ಅಗಲ ನೋಡಿ ಮರುಳಾಗಬೇಡಿ. ಅದು ಹೊರುವ ತೂಕ ಕಂಪನಿ ಟೈರಿಗಿಂತ ಕಮ್ಮಿ ಇರಬಾರದು.

ಎರಡನೆಯದು ತಾಕತ್ತು. ಪಟ್ಟಿ ಏರಿಸಿದರೆ ಹಿಂದುಗಡೆ ಕುಸಿಯುವುದಿಲ್ಲ, ನಿಜ. ಆದರೆ ಹೊರುವುದು ಪಟ್ಟಿಯೊಂದೇ ಅಲ್ಲ. ಆಕ್ಸಲ್, ಬೇರಿಂಗ್, ಟೈರ್, ರಿಮ್, ಚಾಸಿ, ಬ್ರೇಕ್ ಎಲ್ಲವೂ ಹೊರಬೇಕು. ಅವು ಹಳೆಯವೇ. ಪಟ್ಟಿ ಏರಿಸಿದಾಗ ಆಗುವ ದೊಡ್ಡ ಕೇಡು ಎಂದರೆ, ಹೆಚ್ಚಾಯಿತು ಅಂತ ಹೇಳಬೇಕಾದ ಗಾಡಿ ಹೇಳದೆ ಸುಮ್ಮನಿರುವುದು. ಮೊದಲು ತೊಟ್ಟಿ ಕುಸಿದು ಎಚ್ಚರಿಸುತ್ತಿತ್ತು. ಈಗ ನೆಟ್ಟಗೆ ನಿಂತಿರುತ್ತದೆ, ನಾವು ಇನ್ನೂ ನಾಲ್ಕು ಚೀಲ ಏರಿಸುತ್ತೇವೆ.

ಮೂರನೆಯದು ಹಿಡಿತ. ನೀರುಂಡ ಎರಿ ಮಣ್ಣು ಟೈರಿನ ಹಲ್ಲಿನ ಸಂದಿಗೆ ತುಂಬಿಕೊಂಡರೆ ಟೈರು ಬೋಳಾದಂತೆ. ಹಿಂದಿನ ಎರಡೇ ಗಾಲಿಗೆ ಎಳೆತ ಇರುವ ಗಾಡಿಯನ್ನು ಒಂದಡಿ ಎತ್ತರಿಸಿದರೂ ಅಲ್ಲೇ ತಿರುಗುತ್ತದೆ. ಹಸಿ ಗದ್ದೆಯಲ್ಲಿ ಚೈನ್ ಮಷಿನ್ ಹೂತುಕೊಳ್ಳದೆ ಓಡಾಡುವುದು ಎತ್ತರಕ್ಕಲ್ಲ. ಅದರ ತೂಕ ಚೈನಿನ ಉದ್ದಗಲಕ್ಕೆ ಹರಡಿರುತ್ತದೆ. ಪಿಕಪ್ಪಿನ ತೂಕವೆಲ್ಲ ನಾಲ್ಕು ಅಂಗೈಯಷ್ಟು ಜಾಗದ ಮೇಲೆ.

ಮೊದಲು ಹಳೆ ಪಟ್ಟಿ ಪರೀಕ್ಷಿಸಿ

"ಗಾಡಿ ಗಿಡ್ಡ ಐತಿ" ಅನ್ನುವವರಲ್ಲಿ ಹಲವರ ಗಾಡಿ ಗಿಡ್ಡ ಇರುವುದಿಲ್ಲ, ಕುಸಿದಿರುತ್ತದೆ. ನೋಡುವ ಬಗೆ ಸುಲಭ. ಖಾಲಿ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ. ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಇರಲಿ. ಗಾಲಿಯ ನಡುಬಿಂದುವಿನಿಂದ ನೇರ ಮೇಲೆ ತೊಟ್ಟಿಯ ಅಂಚಿನವರೆಗೆ ಅಳೆಯಿರಿ. ಎಡಬಲ ಎರಡೂ ಬರೆದುಕೊಳ್ಳಿ. ನನ್ನ ಗಾಡಿಯಲ್ಲಿ ಎಡಗಡೆ ನಾಲ್ಕು ಸೆಂಟಿಮೀಟರ್ ಕಮ್ಮಿ ಬಂತು. ಪಟ್ಟಿ ಬಿಚ್ಚಿಸಿದರೆ ಎರಡು ಪಟ್ಟಿ ಸೆಂಟರ್ ಬೋಲ್ಟಿನ ತೂತಿನ ಹತ್ತಿರ ಬಿರುಕು ಬಿಟ್ಟಿದ್ದವು. ಒಡೆದ ಪಟ್ಟಿಯ ಮೇಲೆಯೇ ನಾನು ಆನೆ ಕಟ್ಟಿದ್ದೆ.

ಇನ್ನು ಶಾಕಲ್‌ನ ಬುಶ್ ಸವೆದಿದೆಯೇ, ಪಟ್ಟಿಗಳ ನಡುವೆ ತುಕ್ಕು ಹಿಡಿದು ಬಿಗಿದಿದೆಯೇ, ಶಾಕಪ್ ಎಣ್ಣೆ ಕಾರಿದೆಯೇ ನೋಡಿ. ಬಿರುಕು ಬಿಟ್ಟ ಪಟ್ಟಿಗೆ ವೆಲ್ಡಿಂಗ್ ಮಾಡಿಸಲೇಬೇಡಿ. ಪಟ್ಟಿಯ ಉಕ್ಕಿಗೆ ಹದ ಕೊಟ್ಟಿರುತ್ತಾರೆ. ಕಾಸಿದ ಜಾಗದಲ್ಲಿ ಆ ಹದ ಹೋಗುತ್ತದೆ, ಮತ್ತೆ ಅಲ್ಲೇ ಒಡೆಯುತ್ತದೆ.

ಎತ್ತರಿಸುವ ಬಗೆಗಳು

ಪೇಟೆಯಲ್ಲಿ ಕಿಟ್ ಅನ್ನುವ ಒಂದೇ ಹೆಸರಿನಲ್ಲಿ ಹಲವು ಸಾಮಾನು ಮಾರುತ್ತಾರೆ. ಗುಣದೋಷ ತಿಳಿದಿರಲಿ.

ಬಾಡಿ ಲಿಫ್ಟ್: ಚಾಸಿ ಮತ್ತು ಬಾಡಿಯ ನಡುವೆ ಗಟ್ಟಿ ಗುಟ್ಟ ಇಡುವುದು. ಕ್ಯಾಬಿನ್ ಮೇಲೇರುತ್ತದೆ, ಚಾಸಿ ಇದ್ದಲ್ಲೇ. ದೊಡ್ಡ ಟೈರಿಗೆ ಜಾಗ ಸಿಗುತ್ತದೆ, ಅಷ್ಟೇ. ನಮಗೆ ಉಪಯೋಗವಿಲ್ಲ.

ಬ್ಲಾಕ್: ಪಟ್ಟಿ ಮತ್ತು ಆಕ್ಸಲ್ ನಡುವೆ ಕಬ್ಬಿಣದ ಗುಟ್ಟ, ಜತೆಗೆ ಉದ್ದನೆಯ ಯು ಬೋಲ್ಟ್. ಅಗ್ಗ, ಬೇಗ ಆಗುತ್ತದೆ. ಆದರೆ ಭಾರ ಎಳೆಯುವಾಗ ಆಕ್ಸಲ್ ತಿರುಚಿಕೊಂಡು ಪಟ್ಟಿಯನ್ನು ಹಾವಿನಂತೆ ಬಳುಕಿಸುತ್ತದೆ. ಬ್ಲಾಕ್ ಎತ್ತರವಾದಷ್ಟೂ ಇದು ಹೆಚ್ಚು. ಬ್ಲಾಕಿನ ಮೇಲೆ ಬ್ಲಾಕ್ ಇಡಬಾರದು. ಮುಂದಿನ ಆಕ್ಸಲ್‌ಗೆ ಬ್ಲಾಕ್ ಎಂದಿಗೂ ಬೇಡ. ಬ್ರೇಕ್ ಹಾಕಿದಾಗ ಬೀಳುವ ಬಲಕ್ಕೆ ಅದು ಜಾರಿದರೆ ಸ್ಟೇರಿಂಗ್ ನಮ್ಮ ಕೈಯಲ್ಲಿರುವುದಿಲ್ಲ.

ಉದ್ದನೆಯ ಶಾಕಲ್: ಶಾಕಲ್ ಎರಡಿಂಚು ಉದ್ದ ಮಾಡಿದರೆ ಗಾಡಿ ಏರುವುದು ಸುಮಾರು ಒಂದಿಂಚು. ಅಡ್ಡಕ್ಕೆ ಅಲುಗಾಟ ಹೆಚ್ಚು.

ಪಟ್ಟಿ ಸೇರಿಸುವುದು: ಒಂದೇ ದಪ್ಪದ ಐದು ಪಟ್ಟಿಗೆ ಇನ್ನೊಂದು ಸೇರಿಸಿದರೆ ಬಿಗುವು ಸುಮಾರು ಐದನೇ ಒಂದು ಪಾಲು ಹೆಚ್ಚುತ್ತದೆ. ದಪ್ಪ ಬದಲಾದರೆ ಲೆಕ್ಕವೇ ಬೇರೆ. 8 ಮಿ.ಮೀ. ಪಟ್ಟಿಯ ಜಾಗಕ್ಕೆ 9 ಮಿ.ಮೀ. ಬಂದರೆ ಆ ಪಟ್ಟಿಯ ಬಿಗುವು ಶೇ. 42ರಷ್ಟು ಹೆಚ್ಚು. ಒಂದು ಮಿಲಿಮೀಟರ್ ಏನು ಮಹಾ ಅನ್ನಬೇಡಿ. ಖಾಲಿ ಗಾಡಿ ಕುದುರೆಯಂತೆ ಜಿಗಿಯುವುದು, ಟೊಮೆಟೊ ಹೇರಿದರೆ ಜಜ್ಜಿಹೋಗುವುದು ಇದರಿಂದಲೇ.

ಹೆಲ್ಪರ್ ಪಟ್ಟಿ: ಖಾಲಿ ಇದ್ದಾಗ ತಾಗದೆ, ತೂಕ ಬಿದ್ದಾಗ ಮಾತ್ರ ಆನಿಕೊಳ್ಳುವ ಪಟ್ಟಿ. ಖಾಲಿ ಗಾಡಿಯನ್ನು ಎತ್ತರಿಸುವುದಿಲ್ಲ. ಮಿತಿಯೊಳಗಿನ ಲೋಡಿಗೆ ಹಿಂದೆ ಕುಸಿಯದಂತೆ ಹಿಡಿಯುತ್ತದೆ. ಅನೇಕ ಪಿಕಪ್ಪಿಗೆ ಕಂಪನಿಯೇ ಕೊಟ್ಟಿರುತ್ತದೆ.

ಮುಂದುಗಡೆ: ಕೆಲವು ಗಾಡಿಗೆ ಪಟ್ಟಿ, ಕೆಲವಕ್ಕೆ ಕಾಯಿಲ್, ಕೆಲವಕ್ಕೆ ಟಾರ್ಷನ್ ಬಾರ್. ಟಾರ್ಷನ್ ಬಾರಿನ ಬೋಲ್ಟ್ ತಿರುವಿದರೆ ಮುಂದುಗಡೆ ಏರುತ್ತದೆ. ಖರ್ಚಿಲ್ಲ ಅಂತ ತಿರುವಿಬಿಡುತ್ತಾರೆ. ಆಮೇಲೆ ಬಾಲ್ ಜಾಯಿಂಟ್ ಬೇಗ ಸವೆಯುತ್ತದೆ, ಟೈರು ಒಂದೇ ಬದಿ ತಿನ್ನುತ್ತದೆ.

ಪೂರ್ತಿ ಸೆಟ್: ಥಾರ್, ಹೈಲಕ್ಸ್, ವಿ-ಕ್ರಾಸ್‌ನಂಥ ಗಾಡಿಗಳಿಗೆ ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಎಮು ಮುಂತಾದ ಕಿಟ್ ಸಿಗುತ್ತವೆ. ಪಟ್ಟಿ ಅಥವಾ ಕಾಯಿಲ್, ಶಾಕಪ್, ಬುಶ್, ಯು ಬೋಲ್ಟ್ ಒಂದಕ್ಕೊಂದು ಹೊಂದುವಂತೆ ಮಾಡಿರುತ್ತಾರೆ. ಇವು ದುಬಾರಿ, ನಮ್ಮ ಬಾಡಿಗೆ ಪಿಕಪ್ಪಿಗೆ ಹೊಂದುವಂಥವಲ್ಲ. ಆದರೆ ಅವರಿಂದ ಒಂದು ಪಾಠವಿದೆ. ಅಂಥ ಕಿಟ್ ಆರಿಸುವಾಗ ಎಷ್ಟು ಇಂಚು ಏರಬೇಕು ಅನ್ನುವಷ್ಟೇ ಮುಖ್ಯ, ಗಾಡಿಯ ಮೇಲೆ ಸದಾ ಎಷ್ಟು ತೂಕ ಇರುತ್ತದೆ ಅನ್ನುವುದು. ನನ್ನ ಗ್ಯಾರೇಜಿನಲ್ಲಿ ಆ ಪ್ರಶ್ನೆಯೇ ಬರಲಿಲ್ಲ. ನಾನೂ ಹೇಳಲಿಲ್ಲ.

ಎತ್ತರಕ್ಕೆ ತೆರುವ ಬೆಲೆ

ಗಾಡಿ ಮಗುಚುವುದು ಎರಡು ಅಳತೆಯ ಮೇಲೆ ನಿಂತಿದೆ. ಎಡಬಲ ಗಾಲಿಗಳ ನಡುವಿನ ಅಂತರದ ಅರ್ಧ, ಮತ್ತು ತೂಕದ ನಡುಬಿಂದು ನೆಲದಿಂದ ಎಷ್ಟು ಮೇಲಿದೆ ಅನ್ನುವುದು. ಅಂತರ 1400 ಮಿ.ಮೀ., ಅರ್ಧ 700 ಅನ್ನೋಣ. ಲೋಡಾದ ಗಾಡಿಯ ತೂಕದ ನಡುಬಿಂದು 1100 ಮಿ.ಮೀ. ಇದ್ದರೆ ಕಾಗದದ ಲೆಕ್ಕದಲ್ಲಿ ಗಾಡಿ ಸುಮಾರು 32 ಡಿಗ್ರಿ ವಾಲುವವರೆಗೆ ನಿಲ್ಲುತ್ತದೆ. ಮೂರಿಂಚು ಏರಿಸಿದರೆ ಅದು 31ರ ಒಳಗೆ ಬರುತ್ತದೆ. ಎತ್ತರಿಸಿದ ಧೈರ್ಯದಲ್ಲಿ ಮತ್ತೆರಡು ಥರ ಚೀಲ ಹೇರಿ ನಡುಬಿಂದು 1300ಕ್ಕೆ ಹೋದರೆ 28. ಇದು ಗಾಡಿ ಕಲ್ಲಿನಂತೆ ಅಲುಗದೆ ನಿಂತಾಗಿನ ಲೆಕ್ಕ. ಓಡುವಾಗ ಪಟ್ಟಿ ಬಾಗುತ್ತದೆ, ಟೈರು ಅಮುಕುತ್ತದೆ, ಚೀಲ ಜರಗುತ್ತದೆ, ತಿರುವಿನಲ್ಲಿ ವೇಗವೂ ಸೇರುತ್ತದೆ. ಆದ್ದರಿಂದ ನಿಜದಲ್ಲಿ ಇದಕ್ಕಿಂತ ಬಹಳ ಮೊದಲೇ ಮಗುಚುತ್ತದೆ. ಕಾಲುವೆ ದಂಡೆಯ ಅಂಚಿನಲ್ಲಿ ಒಂದೊಂದು ಡಿಗ್ರಿಗೂ ಬೆಲೆಯಿದೆ.

ಬ್ರೇಕಿನ ವಿಷಯ ಇನ್ನೂ ಸೂಕ್ಷ್ಮ. ಕೆಲವು ಪಿಕಪ್ಪಿನಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಯ ಮೇಲಿನ ಒಂದು ವಾಲ್ವಿಗೆ ಸಣ್ಣ ಸಲಾಕೆ ಇರುತ್ತದೆ. ಲೋಡು ಬಿದ್ದು ಚಾಸಿ ಇಳಿದಾಗ ಸಲಾಕೆ ಸರಿದು, ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಬ್ಲಾಕ್ ಹಾಕಿದರೆ ಲೋಡಿದ್ದರೂ ಚಾಸಿ ಮೇಲೆಯೇ ಇರುತ್ತದೆ. ವಾಲ್ವು ಗಾಡಿ ಖಾಲಿ ಅಂತ ತಿಳಿಯುತ್ತದೆ. ಬೇಕಾದಾಗ ಹಿಂದಿನ ಬ್ರೇಕು ಅರ್ಧಮರ್ಧ ಹಿಡಿಯುತ್ತದೆ. ನನ್ನ ಗಾಡಿ ಬ್ರೇಕಿಗೆ ಮೂಗು ಮುಗ್ಗರಿಸುತ್ತಿದ್ದುದು ಇದಕ್ಕೇ.

ಉಳಿದವು ಚುಟುಕಾಗಿ: ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಕ್ರಾಸ್ ಬೇಗ ಹೋಗುತ್ತದೆ. ಬ್ರೇಕ್ ಪೈಪು ಎಳೆದಂತಾಗುತ್ತದೆ. ಹಳೆಯ ಶಾಕಪ್ ಗಿಡ್ಡವಾಗಿ ಕಿತ್ತುಬರುತ್ತದೆ. ಹಿಂದೆ ಮಾತ್ರ ಏರಿಸಿದರೆ ಮುಂದಿನ ಗಾಲಿಯ ಕೋನ ತಪ್ಪಿ ಸ್ಟೇರಿಂಗ್ ಹಗುರಾಗಿ ಅಲೆಯುತ್ತದೆ. ಹೆಡ್‌ಲೈಟಿನ ಬೆಳಕು ಮುಂದೆ ಬೀಳದೆ ಹತ್ತಿರವೇ ಬೀಳುತ್ತದೆ.

ಕಾನೂನು ಏನನ್ನುತ್ತದೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂನಂತೆ, ನಿಯಮ ಮೀರಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಹೆಚ್ಚು ತೂಕ ಹೇರಿದ್ದಕ್ಕೆ ಕೇಂದ್ರ ಕಾಯ್ದೆಯಲ್ಲಿ 20,000 ರೂಪಾಯಿ, ಜತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಒಂದು ಬ್ಲಾಕ್ ಸಾಕು. ಸವೆದ ಪಟ್ಟಿ ತೆಗೆದು ಕಂಪನಿ ಹೇಳಿದ ಪಟ್ಟಿಯನ್ನೇ ಹಾಕಿಸುವುದು ರಿಪೇರಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಎಷ್ಟು ಹೇರಬಹುದು ಅನ್ನುವುದೂ ಆರ್.ಸಿ.ಯಲ್ಲೇ ಇದೆ. ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆಯಿರಿ. 1,700 ಕೆ.ಜಿ. ಉಳಿಯಿತು ಅನ್ನೋಣ. ಡ್ರೈವರ್ ಮತ್ತು ಜತೆಗೊಬ್ಬರಿಗೆ 140 ತೆಗೆದರೆ 1,560. ನಮ್ಮ ಕಡೆ ನೆಲ್ಲಿನ ಚೀಲ 75 ಕೆ.ಜಿ. ಅಂದರೆ 20 ಚೀಲ. ನಾನು ಹೇರಿದ್ದ 34 ಚೀಲದ ತೂಕ 2,550 ಕೆ.ಜಿ.

ಕೊನೆಗೆ ನಾನು ಮಾಡಿದ್ದು

ಬ್ಲಾಕ್ ಕಿತ್ತೆಸೆದೆ. ಎರಡೂ ಕಡೆ ಕಂಪನಿ ಅಳತೆಯ ಹೊಸ ಪಟ್ಟಿ ಸೆಟ್, ಹೊಸ ಬುಶ್, ಹೊಸ ಶಾಕಪ್ ಹಾಕಿಸಿದೆ. ಒಂದೇ ಕಡೆ ಹಾಕಿಸಿದರೆ ಗಾಡಿ ವಾಲಿಯೇ ನಿಲ್ಲುತ್ತದೆ. ಯು ಬೋಲ್ಟನ್ನೂ ಹೊಸದೇ ಹಾಕಿಸಿದೆ. ಒಮ್ಮೆ ಬಿಗಿದು ಎಳೆದ ಬೋಲ್ಟಿಗೆ ಮತ್ತೆ ಅದೇ ಹಿಡಿತ ಇರುವುದಿಲ್ಲ. ಮೊದಲ ಕೆಲ ನೂರು ಕಿಲೋಮೀಟರ್ ಒಳಗೆ ಮತ್ತೊಮ್ಮೆ ಬಿಗಿಸಿದೆ. ಟೈರು ಕಂಪನಿ ಅಳತೆಯದೇ, ಹಲ್ಲು ಮಾತ್ರ ಆಳವಾದದ್ದು. ಕುಸಿದಿದ್ದ ಗಾಡಿ ಇಷ್ಟಕ್ಕೇ ಎದ್ದು ನಿಂತಿತು.

ಆದರೆ ಗುಂಡಿನ ಕೆಳಗೆ ಈಗಲೂ ಅದೇ ಏಳಿಂಚು. ಅದಕ್ಕೆ ಗಾಡಿಯ ಬದಲು ದಾರಿಗೆ ಮದ್ದು ಮಾಡಿದೆವು. ಆ ದಾರಿ ಹಿಡಿಯುವ ಐದು ಮನೆಯವರು ಕೂಡಿದೆವು. ಬೇಸಿಗೆಯಲ್ಲಿ ಟ್ರ್ಯಾಕ್ಟರಿನ ಬ್ಲೇಡ್‌ನಿಂದ ನಡುವಿನ ದಿಬ್ಬ ಸವರಿ ಜಾಡಿಗೆ ತುಂಬಿದೆವು. ಹೊಲಗಾಲುವೆ ಉಕ್ಕಿ ಹರಿಯುವ ಒಂದು ಕಡೆ ಪೈಪು ಇಟ್ಟೆವು. ಕೆಸರು ನಿಲ್ಲುವ ಎರಡು ತಗ್ಗಿಗೆ ಮರಂ ಹಾಕಿ ಒತ್ತಿಸಿದೆವು. ವರ್ಷಕ್ಕೊಮ್ಮೆ ಮತ್ತೆ ಸವರಬೇಕು. ಅದು ನಮ್ಮ ಪಾಳಿ.

ಮಳೆಯಾದ ದಿನ ಪಿಕಪ್ ಆ ದಾರಿಗೆ ಇಳಿಸುವುದೇ ಇಲ್ಲ. ಟ್ರ್ಯಾಕ್ಟರ್ ಟ್ರ್ಯಾಲಿಯಲ್ಲಿ ಡಾಂಬರು ರಸ್ತೆಗೆ ತಂದು ಅಲ್ಲಿ ಹೇರುತ್ತೇವೆ. 20 ಚೀಲದ ಮೇಲೆ ಒಂದೂ ಇಲ್ಲ, ಚೀಲದ ಮೇಲೆ ಜನರೂ ಇಲ್ಲ. ಟ್ರಿಪ್ಪು ಹೆಚ್ಚಾಯಿತು, ಡೀಸೆಲ್ ಹೆಚ್ಚಾಯಿತು. ಪಟ್ಟಿ, ಕ್ರಾಸ್, ಟೈರಿನ ಖರ್ಚು ಇಳಿಯಿತು. ಕಾಲು ಉಳುಕಿದ ಹಮಾಲ ಈಗಲೂ ನಮ್ಮ ರಾಶಿಗೆ ಬರುತ್ತಾನೆ. ಚೀಲ ಎಣಿಸುವುದು ಅವನೇ. ಇಪ್ಪತ್ತಾದ ಮೇಲೆ "ಸಾಕು ಅಣ್ಣಾ" ಅಂತ ಅವನೇ ತೊಟ್ಟಿಯ ಬಾಗಿಲು ಹಾಕುತ್ತಾನೆ.

ಗ್ಯಾರೇಜಿಗೆ ಹೋಗುವ ಮುನ್ನ

• ತಾಗುವುದು ಏನು? ಗುಂಡೋ, ಚಾಸಿಯೋ, ಸೈಲೆನ್ಸರೋ? ಗಾಡಿ ಕೆಳಗೆ ಬಗ್ಗಿ ಉಜ್ಜಿದ ಗುರುತು ನೋಡಿ. ಗುಂಡು ತಾಗಿದರೆ ಪಟ್ಟಿ ಏರಿಸಿ ಫಲವಿಲ್ಲ.
• ಗಾಲಿಯ ನಡುವಿನಿಂದ ತೊಟ್ಟಿಯ ಅಂಚಿಗೆ ಎಡಬಲ ಅಳತೆ ಬರೆದುಕೊಳ್ಳಿ. ಕೆಲಸ ಮುಗಿದ ಮೇಲೆ ಮತ್ತೆ ಅಳೆಯಿರಿ.
• ಲೋಡು ಹೇರಿ ಒಮ್ಮೆ ಕಾಟಾದ ಮೇಲೆ ನಿಲ್ಲಿಸಿ. ಆರ್.ಸಿ.ಯ ಒಟ್ಟು ತೂಕದೊಂದಿಗೆ ಹೋಲಿಸಿ.
• ಪಟ್ಟಿಯ ದಪ್ಪ, ಅಗಲ, ಸಂಖ್ಯೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ.
• ಬ್ರೇಕ್ ವಾಲ್ವಿನ ಸಲಾಕೆ ಇದ್ದರೆ ಪಟ್ಟಿ ಕೆಲಸದ ನಂತರ ಸರಿಹೊಂದಿಸಲು ಹೇಳಿ.
• ಯಾರಾದರೂ ಆನೆ ಮಾಡಿಕೊಡ್ತೀನಿ ಅಂದರೆ, ಮನೆಗೆ ಬಂದು ಒಂದು ರಾತ್ರಿ ಯೋಚಿಸಿ.